ಗಾಜು ಮುಚ್ಚದ ಮಳೆಗಾಲ

ಮೊನ್ನೆ ಒಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ನೇರವಾಗಿ ನನ್ನ ಅಂಗಡಿಗೆ ತಂದರು. ಹಿಂದಿನ ಗಾಜಿನ ಮೇಲೆ ಹಳೇ ಯಜಮಾನ ಅಂಟಿಸಿದ್ದ ದೊಡ್ಡ ಸ್ಟಿಕ್ಕರ್. ಕಿತ್ತರೆ ಕಾಗದ ಬಂತು, ಗೋಂದು ಗಾಜಿನ ಮೇಲೇ ಉಳಿಯಿತು. ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜತೊಡಗಿದೆ. ಪಕ್ಕದಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬ ತೆರೆದಿತ್ತು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ನನ್ನ ಕೈ ನಿಂತುಹೋಯಿತು.

"ಯಾಕಕ್ಕ, ಗಾಜಿಗೆ ಗೀರು ಬಿತ್ತಾ?" ಅಂದರು ಕಾರಿನವರು.

"ಗಾಜು ಚೆನ್ನಾಗೈತೆ. ನೀವು ಹೋಗಿ ಒಂದು ಕಾಫಿ ಕುಡ್ಕೊಂಡ್ ಬನ್ನಿ," ಅಂದೆ.

ಥಿನ್ನರ್ ನನಗೆ ದಿನಾ ಇರುವ ವಾಸನೆ. ಕೊಬ್ಬರಿ ಎಣ್ಣೆ ಈ ಜಿಲ್ಲೆಯಲ್ಲಿ ಯಾರಿಗೆ ಹೊಸದು? ಆದರೆ ಎರಡೂ ಸೇರಿದರೆ ಅದು ಒಂದೇ ಒಂದು ಮಳೆಗಾಲದ ವಾಸನೆ. ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ನಾಲ್ಕು ಜನ ಕೂತು ಪ್ಲಾಸ್ಟಿಕ್ಕಿನ ಯುದ್ಧವಿಮಾನ ಕಟ್ಟಿ ಬಣ್ಣ ಹೊಡೆದ ಮಳೆಗಾಲ.

ನಾನು ಬೆಳ್ಳಾವಿ ಕಡೆಯವಳು. ಮದುವೆಯಾಗಿ ತುಮಕೂರಿಗೆ ಬಂದ ಹೊಸತರಲ್ಲಿ ಒಂದು ಗ್ಯಾರೇಜಿನಲ್ಲಿ ಬಿಲ್ಲು ಬರೆಯುತ್ತಿದ್ದೆ. ಬಣ್ಣ ಬೆರೆಸುವವನು ಚಕ್ಕರ್ ಹೊಡೆದ ದಿನಗಳಲ್ಲಿ ಬೆರೆಸುವುದನ್ನೂ ಕಲಿತೆ. ಈಗ ಗುಬ್ಬಿ ಗೇಟ್ ಹತ್ತಿರ ಕಾರಿನ ಬಣ್ಣದ ಅಂಗಡಿ ನನ್ನದೇ. ಯಾರೂ ಕೊಡಿಸಿದ್ದಲ್ಲ, ಚೌಕಾಸಿ ಮಾಡಿ ಮಾಡಿ ಕಟ್ಟಿದ್ದು. ಎದುರಿಗೆ ನಿಂತವರಿಗೆ ಒಂದು ವಸ್ತು ಎಷ್ಟು ಬೇಕಾಗಿದೆ ಅನ್ನುವುದು ಅವರ ಮಾತಿನಲ್ಲಿ ಸಿಗುವುದಿಲ್ಲ, ಆ ವಸ್ತುವನ್ನು ಹಿಡಿದ ಕೈಯಲ್ಲಿ ಸಿಗುತ್ತದೆ. ವ್ಯಾಪಾರಕ್ಕೆ ಇಳಿಯುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಆ ವರ್ಷ ಮುಂಗಾರು ಶುರುವಾದ ವಾರ ಗುಬ್ಬಿಯ ರಂಗಸ್ವಾಮಣ್ಣ ಬಂದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಒಂದು ಪ್ಲಾಸ್ಟಿಕ್ ತುಂಡು ತೆಗೆದು ಕೌಂಟರಿನ ಮೇಲೆ ಇಟ್ಟರು.

"ಇದಕ್ಕೆ ಬೂದು ಬಣ್ಣ ಬೇಕಿತ್ತಮ್ಮ."

"ಯಾವ ಗಾಡಿದು?"

"ಗಾಡಿ ಅಲ್ಲ, ವಿಮಾನದ ರೆಕ್ಕೆ."

"ವಿಮಾನ ಎಲ್ಲಿ ನಿಲ್ಸಿದೀರ, ರೋಡಲ್ಲಾ? ಪೊಲೀಸ್ನೋರು ಫೈನ್ ಹಾಕ್ತಾರೆ."

ಅವರು ನಗಲಿಲ್ಲ. ಕೌಂಟರಿನ ಮೇಲಿಟ್ಟರೂ ರೆಕ್ಕೆಯನ್ನು ಹಿಡಿದ ಕೈ ಸಡಿಲಿಸಲೂ ಇಲ್ಲ. ಎಷ್ಟು ಬೇಕು ಅಂತ ಕೇಳಿದರೆ, ಟಾನಿಕ್ ಬಾಟಲಿಯ ಮುಚ್ಚಳದಷ್ಟು ಅಂದರು. ಕಾಲು ಲೀಟರಿಗಿಂತ ಕಡಿಮೆ ನಾವು ಬೆರೆಸುವುದಿಲ್ಲ ಅಂದೆ. ಅವರು ಹೋಗಲಿಲ್ಲ. ನಾನೂ ಬಗ್ಗಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ನಾನು ಬೇಕಾದಾಗ ಬೇಕಾದಷ್ಟು ಬಣ್ಣ ಬೆರೆಸಿಕೊಡಬೇಕು, ಅವರು ತಮ್ಮ ತೋಟದ ಕೊಬ್ಬರಿಯನ್ನು ಗಾಣದಲ್ಲಿ ಆಡಿಸಿದ ಎಣ್ಣೆ ತಂದುಕೊಡಬೇಕು. ಲಾಭ ನನ್ನದೇ ಅಂದುಕೊಂಡೆ.

ಆ ಲೆಕ್ಕ ಒಂದೇ ವಾರದಲ್ಲಿ ಬುಡಮೇಲಾಯಿತು. ಬೆರೆಸಿಕೊಟ್ಟದ್ದನ್ನೆಲ್ಲ ವಾಪಸ್ ತರುತ್ತಿದ್ದರು. "ಇದು ಸಿಮೆಂಟ್ ಕಣಮ್ಮ." "ಇದು ಎಮ್ಮೆ." ಒಂದು ಸಲ ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಇನ್ನೊಂಚೂರು ಆಕಾಶ ಬೇಕು," ಅಂದರು. ಇಷ್ಟು ವರ್ಷದಲ್ಲಿ ನನ್ನ ಬಣ್ಣವನ್ನು ಹಾಗೆ ಯಾರೂ ತಿರಸ್ಕರಿಸಿರಲಿಲ್ಲ. ಹಠ ಬಂತು. ಒಂದು ತೊಟ್ಟು ನೀಲಿ, ಅರ್ಧ ತೊಟ್ಟು ಕಪ್ಪು ಅಂತ ಗುದ್ದಾಡಿ ಆ ಬೂದನ್ನು ಹಿಡಿದೆ. "ಹಾಂ, ಇದು," ಅಂದರು. ಅವತ್ತೇ ಕೇಳಿದೆ, ಇದನ್ನು ಎಲ್ಲಿ ಕೂತು ಕಟ್ಟುತ್ತೀರಿ ಅಂತ. ಮನೆಯಲ್ಲಿ ಥಿನ್ನರ್ ವಾಸನೆಗೆ ಸೊಸೆಗೆ ತಲೆನೋವು ಬರುತ್ತದೆ, ಹಿತ್ತಲಲ್ಲಿ ಕೂರುತ್ತೇನೆ, ಮಳೆ ಬಂದರೆ ಅದೂ ಇಲ್ಲ ಅಂದರು. ಅಂಗಡಿಯ ಮೇಲಿನ ಕೋಣೆಯಲ್ಲಿ ಖಾಲಿ ಡಬ್ಬ ತುಂಬಿದ್ದೆ. ಡಬ್ಬ ಇಳಿಸಿ ಮೇಜು ಹಾಕಿಸಿದೆ.

ಮೂರನೆಯವನು ಮಂಜ. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪೇಂಟಿಂಗ್ ವಿಭಾಗದವನು, ಬಣ್ಣ ತಾಗದ ಹಾಗೆ ಅಂಟಿಸುವ ಮಾಸ್ಕಿಂಗ್ ಟೇಪಿಗೆ ನನ್ನಲ್ಲಿಗೆ ಬರುತ್ತಿದ್ದ. ಒಂದು ಭಾನುವಾರ ಮೆಟ್ಟಿಲು ಹತ್ತಿ ನೋಡಿದವನು ಇಳಿದು ಹೋಗಲೇ ಇಲ್ಲ. ಮುಂದಿನ ಭಾನುವಾರ ಅವನದೇ ಒಂದು ಡಬ್ಬಿ ಕಿಟ್ ತಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡಬ್ಬಿಯೊಳಗೆ ವಿಮಾನ ಇರುವುದಿಲ್ಲ, ವಿಮಾನದ ಚೂರುಗಳು ಇರುತ್ತವೆ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಆಮೇಲೆ ಬಣ್ಣ. ಅಸಲಿ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲು. ಇಡೀ ಯುದ್ಧವಿಮಾನ ಒಂದು ಮೊಳವೂ ಇರುವುದಿಲ್ಲ. ಶುರು ಮಾಡುವವರು ಮೊದಲು ಅಗ್ಗದ ಕಿಟ್ ಕೊಂಡು ಕೆಡಿಸಿ. ಮಳೆಗಾಲದಲ್ಲಿ ಬಣ್ಣ ಬಿಳಿಚಿಕೊಳ್ಳುತ್ತದೆ, ಅವಸರ ಬೇಡ. ನಾವು ರಟ್ಟಿನ ಡಬ್ಬಕ್ಕೆ ಹಳೇ ಕಾಲದ ಬಲ್ಬು ಇಳಿಬಿಟ್ಟು ಅದರೊಳಗೆ ಒಣಗಿಸುತ್ತಿದ್ದೆವು. "ಏನಕ್ಕ, ವಿಮಾನ ಮರಿ ಮಾಡೋಕೆ ಕಾವಿಗೆ ಇಟ್ಟಿದೀರ?" ಅನ್ನುತ್ತಿದ್ದ ಮಂಜ.

ರಂಗಸ್ವಾಮಣ್ಣ ವಾಯುಪಡೆಯಲ್ಲಿ ನೆಲದ ಕೆಲಸದವರಾಗಿದ್ದರು. ಹಾರಿದವರಲ್ಲ, ಹಾರಿಸಿ ಕಳಿಸಿದವರು. ಏಣಿ ಹತ್ತಿ ಪೈಲಟ್‌ನ ಪಟ್ಟಿ ಬಿಗಿದು, ಪೈಲಟ್ ತಲೆಯ ಮೇಲಿನ ಗಾಜು ಇಳಿಯುವಾಗ ಹೊರಗಿನಿಂದ ಅಂಗೈ ಒತ್ತಿ, ಏಣಿ ಇಳಿದು ಬರುವುದು ಅವರ ಕೆಲಸ. ಅವರ ಕಟ್ಟುನಿಟ್ಟು ನಮಗೆ ತಮಾಷೆ. ಮಂಜನಿಗೆ ವಿಮಾನಕ್ಕೆ ಮಸಿ, ಜಿಡ್ಡು ಹಚ್ಚಿ ಹಳೆಯದರಂತೆ ಕಾಣಿಸುವ ಹುಚ್ಚು.

"ಏನ್ಲಾ ಮಂಜ, ಇದೇನ್ ವಿಮಾನನಾ, ಗಾಣದ ಎತ್ತಾ? ನಮ್ಮ ಕೈಯಲ್ಲಿದ್ದಾಗ ಯಾವತ್ತೂ ಇಷ್ಟು ಗಲೀಜಾಗಿರಲಿಲ್ಲ."

"ಸಾರ್, ನಿಮ್ದು ಮದುವೆ ಮೇಕಪ್ಪು, ನಂದು ಡ್ಯೂಟಿ ಮುಗಿಸಿ ಬಂದಿರೋದು."

ಅವರು ಪೈಲಟ್‌ನ ಸೀಟಿಗೆ ಸಾಸಿವೆಗಿಂತ ಸ್ವಲ್ಪ ಉದ್ದದ ಎರಡು ಕೆಂಪು ಪಟ್ಟಿ ಸಿಕ್ಕಿಸುತ್ತಿದ್ದರು. "ಸಾರ್, ಇದೇನು, ಊರಹಬ್ಬದ ಬಂಟಿಂಗ್ಸಾ?" ಅಂತ ಮಂಜ ಕೇಳಿದಾಗ ಮಾತ್ರ ಅವರ ದನಿ ಬದಲಾಯಿತು.

"ಅವು ಪಿನ್ನು ಕಣೋ. ಅಪಾಯ ಆದ್ರೆ ಆ ಸೀಟು ಮನುಷ್ಯನ್ನ ಆಚೆಗೆ ಎಸೀತದೆ. ನೆಲದ ಮೇಲಿರೋವಾಗ ಅದು ಸಿಡೀಬಾರ್ದು ಅಂತ ಪಿನ್ನು. ಕೀಳದೆ ಹಾರಿದ್ರೆ ಮೇಲೆ ಹೋದಾಗ್ಲೂ ಸೀಟು ಸಿಡಿಯಲ್ಲ. ಅದಕ್ಕೇ ಹಾರೋಕೆ ಮುಂಚೆ ಕಿತ್ತು, ಪೈಲಟ್‌ಗೆ ಕೈಯಲ್ಲಿಟ್ಟು ತೋರಿಸ್ಬೇಕು. ಅವ್ರು ನೋಡಿ ತಲೆ ಆಡಿಸ್ಬೇಕು. ಆಮೇಲೇ ಗಾಜು."

ಆ ಗಾಜನ್ನು ನಾನು ಮುಚ್ಚಳ ಅನ್ನುತ್ತಿದ್ದೆ. ಬಣ್ಣದ ಅಂಗಡಿಯವಳಿಗೆ ಮುಚ್ಚುವುದೆಲ್ಲ ಮುಚ್ಚಳವೇ. "ಗಾಜು ಅನ್ನಿ ಜಯಮ್ಮ. ಮುಚ್ಚಳ ಅಂದ್ರೆ ಡಬ್ಬಿ ಇದ್ದಂಗೆ ಆಯ್ತು," ಅಂತ ಪ್ರತಿ ಸಲ ತಿದ್ದುತ್ತಿದ್ದರು. ಗಾಜಿಗೆ ಬಿಳೀ ಗೋಂದೇ ಹಾಕಬೇಕು, ದಿಢೀರ್ ಗಮ್ ಮುಟ್ಟಬಾರದು, ಅದರ ಆವಿ ಒಳಗೆ ಕೂತು ಗಾಜು ಮಂಜಾಗುತ್ತದೆ ಅನ್ನುವುದು ಅವರ ಇನ್ನೊಂದು ಪಾಠ. ಇದನ್ನು ಎಷ್ಟು ಸಲ ಹೇಳಿದರೆಂದರೆ, ಅವರು ಬಾಯಿ ತೆರೆದರೆ ಮಂಜನೇ ಮುಗಿಸುತ್ತಿದ್ದ.

ಒಮ್ಮೆ ಬಣ್ಣ ಕೊಡಲು ಗುಬ್ಬಿಯ ಅವರ ಮನೆಗೆ ಹೋಗಿದ್ದೆ. ಗಾಜಿನ ಬೀರುವಿನ ತುಂಬಾ ವಿಮಾನ. ಎಲ್ಲದರ ಗಾಜೂ ತೆರೆದಿತ್ತು, ಎಲ್ಲದರ ಪಕ್ಕದಲ್ಲೂ ಪುಟ್ಟ ಏಣಿ. ಒಳಗಿನ ಕೆಲಸ ಕಾಣಲಿ ಅಂತ ತೆರೆದಿಟ್ಟಿದ್ದಾರೆ, ನಾನಾದರೂ ಮಾಲನ್ನು ಹಾಗೇ ಜೋಡಿಸುತ್ತಿದ್ದೆ ಅಂದುಕೊಂಡು ಬಂದೆ.

ಶ್ರಾವಣದಲ್ಲಿ ಮಂಜ ತನ್ನ ಡ್ರಾಯಿಂಗ್ ಮಿಸ್ಸನ್ನು ಕರೆತಂದ. ಶಾರದಾ ಮಿಸ್. ಅಮೃತೂರಿನ ಶಾಲೆಯಲ್ಲಿ ಅವನಿಗೆ ಚಿತ್ರಕಲೆ ಕಲಿಸಿದವರು, ನಿವೃತ್ತರಾಗಿ ಅಲ್ಲೇ ಇದ್ದಾರೆ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ಸೀರೆಯ ಅಂಚು ನೆನೆಸಿಕೊಂಡು, ಎದೆಗೆ ಅವಚಿದ್ದ ಚೀಲದಲ್ಲಿ ಒಂದು ಕಿಟ್ ಡಬ್ಬಿ ತಂದಿದ್ದರು. ಮಿಗ್ ವಿಮಾನ.

"ನನ್ನ ತಮ್ಮ ಇದನ್ನ ಹಾರಿಸ್ತಿದ್ದ," ಅಂದರು. "ಅಸ್ಸಾಂ ಕಡೆ ಇದ್ದ. ಒಂದು ದಿನ ಹೋದವನು ವಾಪಸ್ ಬರಲಿಲ್ಲ. ಆಗ ಅವನಿಗೆ ಇಪ್ಪತ್ತಾರು."

ರಂಗಸ್ವಾಮಣ್ಣ ಕೈಯಲ್ಲಿದ್ದ ಉಜ್ಜುಕಾಗದ ಕೆಳಗಿಟ್ಟರು. ತಾವಿದ್ದದ್ದು ರಾಜಸ್ಥಾನದ ಕಡೆ, ಅವರನ್ನು ನೋಡಿರಲಿಲ್ಲ ಅಂದರು.

"ನೋಡಿರ್ಬೇಕು ಅಂತೇನಿಲ್ಲ. ಕಟ್ಟೋದು ಕಲಿಸಿ ಸಾಕು. ಮನೇಲಿರೋ ಫೋಟೋದಲ್ಲೆಲ್ಲ ಅವನು ನೆಲದ ಮೇಲೇ ನಿಂತಿದಾನೆ, ವಿಮಾನದ ಪಕ್ಕ. ಅವನು ಹಾರಿದ್ದನ್ನ ನಾನು ನೋಡೇ ಇಲ್ಲ. ಇದು ಹಾರ್ತಿರ್ಬೇಕು. ಚಕ್ರ ಒಳಗೆ, ಗಾಜು ಮುಚ್ಚಿ, ಅವನು ಒಳಗೆ. ಕಾರ್ತಿಕದಲ್ಲಿ ಅವನ ಹುಟ್ಟಿದಬ್ಬ. ಅಷ್ಟೊತ್ತಿಗೆ ಮನೇಲಿ ಹಾರ್ಬೇಕು."

ಅವರು ಚೌಕಾಸಿ ಮಾಡುವವರಲ್ಲ. ಬೇಕಾದದ್ದನ್ನು ಮೊದಲ ಮಾತಿನಲ್ಲೇ ಪೂರ್ತಿ ಹೇಳಿಬಿಟ್ಟರು. ನಾನು ಮೇಜಿನ ಹತ್ತಿರ ಇನ್ನೊಂದು ಸ್ಟೂಲು ಎಳೆದೆ.

ಆಮೇಲೆ ಪ್ರತಿ ಭಾನುವಾರ ಬಂದರು. ಚಿತ್ರ ಬರೆದ ಬೆರಳು, ಬೇಗ ಕಲಿತರು. ಭಾದ್ರಪದದ ಜಡಿಮಳೆಯಲ್ಲಿ ರೆಕ್ಕೆ ಕೂಡಿತು, ಒಂದು ಬಿಸಿಲಿನ ವಾರದಲ್ಲಿ ನನ್ನ ಬೂದು ಬಣ್ಣ ಏರಿತು. ವಾಯುಪಡೆಯ ಗುರುತಾದ ಕೇಸರಿ, ಬಿಳಿ, ಹಸಿರಿನ ವೃತ್ತದ ಅಂಟುಚಿತ್ರಗಳನ್ನು ನೀರಿನಲ್ಲಿ ನೆನೆಸಿ ರೆಕ್ಕೆಗೆ ಜಾರಿಸಿದೆವು. ಪೈಲಟ್ ಗೊಂಬೆ ನನ್ನ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ತಲೆ ಉದ್ದಿನ ಕಾಳಿನಷ್ಟು. ಹೆಲ್ಮೆಟ್ಟು, ಮಾಸ್ಕು ಇರುವುದರಿಂದ ಮುಖ ಕಾಣುವುದಿಲ್ಲ, ಕಣ್ಣು ಮಾತ್ರ ಅಂದರು ರಂಗಸ್ವಾಮಣ್ಣ.

"ಕಣ್ಣೇ ಸಾಕು. ಅವನಿಗೆ ಹುಬ್ಬು ಕೂಡಿತ್ತು," ಅಂದರು ಮಿಸ್. "ಫ್ಯಾನ್ ಆರಿಸಿ."

ಆರಿಸಿದೆ. ಬ್ರಷ್ಷಿನಲ್ಲಿ ಒಂದೇ ಕೂದಲು ಉಳಿಸಿಕೊಂಡು ಉಸಿರು ಬಿಗಿಹಿಡಿದು ಬರೆದರು. ಕೆಳಗೆ ಯಾರೋ ಗಿರಾಕಿ ಕೂಗಿದರು, ನಾನು ಹೋಗಲಿಲ್ಲ. ಮುಗಿದ ಮೇಲೆ ಭೂತಗನ್ನಡಿ ನಮಗೆ ಕೊಟ್ಟರು. ನೋಡಿದೆ. ಕೂಡಿದ ಹುಬ್ಬಿನ ಕೆಳಗೆ ಒಬ್ಬ ಹುಡುಗ ನನ್ನನ್ನೇ ನೋಡುತ್ತಿದ್ದ. ಮಂಜ ಭೂತಗನ್ನಡಿ ಇಸಕೊಂಡು ಎರಡು ಸಲ ನೋಡಿದ.

ಇನ್ನು ಉಳಿದದ್ದು ಗಾಜು ಮುಚ್ಚುವುದು ಮಾತ್ರ. ಆ ಕೆಲಸ ನೀವೇ ಮಾಡಿ, ಅಸಲಿಯಲ್ಲೂ ಮಾಡಿದವರು ನೀವು ಅಂತ ಮಿಸ್ ರಂಗಸ್ವಾಮಣ್ಣನಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಶುರುವಾಯಿತು. ಒಂದು ಭಾನುವಾರ ಥಂಡಿ ಜಾಸ್ತಿ ಅಂದರು. ಇನ್ನೊಂದು ಭಾನುವಾರ ವಾರ್ನಿಶ್ ಇನ್ನೂ ಹಸಿಯಿದೆ ಅಂದರು. ಮಗದೊಂದು ಭಾನುವಾರ ಬರಲೇ ಇಲ್ಲ. ದಸರಾ ಕಳೆಯಿತು, ರಾಗಿ ತೆನೆ ಕಟ್ಟಿತು. ಕೆಲಸ ಎಳೆದಾಡುವ ಮೇಸ್ತ್ರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ಶನಿವಾರ ಎಣ್ಣೆ ಬಾಟಲಿ ಕೊಡಲು ಬಂದವರನ್ನು ಹಿಡಿದು ನಿಲ್ಲಿಸಿದೆ.

"ಸ್ವಾಮಣ್ಣ, ವಾರ್ನಿಶ್ ಕಥೆ ನನ್ನತ್ರ ಬೇಡ. ವಾರ್ನಿಶ್ ಮಾರೋಳು ನಾನು. ಆಯಮ್ಮ ನೆನ್ಕೊಂಡ್ ಬರ್ತಾರೆ, ನೆನ್ಕೊಂಡ್ ಹೋಗ್ತಾರೆ. ಹುಟ್ಟಿದಬ್ಬ ಈ ವಾರದಲ್ಲೇ ಐತೆ. ಆ ಮುಚ್ಚಳ ಮುಚ್ಚೋಕೆ ನಿಮಗೇನು ಕಷ್ಟ?"

ಅವರು ಮುಚ್ಚಳ ಅನ್ನುವ ಮಾತನ್ನು ತಿದ್ದಲಿಲ್ಲ. ಸ್ಟೂಲಿನ ಮೇಲೆ ಕೂತರು.

"ನಾನು ಮುಚ್ಚಿ ಕಳಿಸಿದೋರೆಲ್ಲ ವಾಪಸ್ ಬಂದವ್ರೆ ಜಯಮ್ಮ. ದೇವರ ದಯೆ, ಒಬ್ಬರೂ ತಪ್ಪಿಲ್ಲ. ಆದ್ರೆ ಮುಚ್ಚಿ ಇಳಿದಾಗಿಂದ ಆ ಗಾಜು ಮತ್ತೆ ತೆರೆಯೋವರ್ಗೂ ನನ್ನ ಹೊಟ್ಟೆಗೆ ಒಂದು ತೊಟ್ಟು ನೀರು ಇಳೀತಿರಲಿಲ್ಲ. ಗಾಜು ತೆರೆದಿದ್ರೆ ಮನುಷ್ಯ ಬಂದವ್ನೆ ಅಂತ. ಮನೇಲಿ ಒಂದೂ ಮುಚ್ಚಿಲ್ಲ, ನೀವೇ ನೋಡಿದೀರ." ಎಣ್ಣೆ ಬಾಟಲಿಯನ್ನು ನನ್ನ ಕಡೆ ಸರಿಸಿದರು. "ಈ ಹುಡುಗ ಬರಲ್ಲ ಅಂತ ಗೊತ್ತಿದ್ದೂ ಹೆಂಗಮ್ಮ ಮುಚ್ಲಿ?"

ಎಲ್ಲದಕ್ಕೂ ಒಂದು ಸಲಹೆ ಇಟ್ಟುಕೊಂಡಿರುವವಳು ನಾನು. ಅವತ್ತು ಎಣ್ಣೆ ಬಾಟಲಿಯನ್ನು ಶೆಲ್ಫಿನಲ್ಲಿ ಇಟ್ಟು ಬಂದೆ, ಅಷ್ಟೇ. ಅವರು ಎದ್ದು, "ಇವತ್ತೇ ಮುಗಿಸಿಬಿಡ್ತೀನಿ," ಅಂತ ಒಬ್ಬರೇ ಮೇಲೆ ಹೋದರು. ಬೇಗನೇ ಇಳಿದು, ಬಲ್ಬಿನ ಡಬ್ಬದಲ್ಲಿ ಇಟ್ಟಿದ್ದೇನೆ ಅಂತ ಹೇಳಿ ಗುಬ್ಬಿ ಬಸ್ಸು ಹಿಡಿದರು. ಅಷ್ಟು ಬೇಗ ಹೇಗೆ ಮುಗಿಯಿತು ಅಂತ ನನಗೆ ಹೊಳೆಯಬೇಕಿತ್ತು. ಬಿಳೀ ಗೋಂದು ಹಿಡಿಯುವವರೆಗೆ ಗಾಜನ್ನು ಬೆರಳಲ್ಲಿ ಒತ್ತಿ ಕೂತಿರಬೇಕು. ಅಷ್ಟು ಹೊತ್ತು ಆ ಗಾಜನ್ನು ಒತ್ತಿ ಹಿಡಿಯಲು ಅವರಿಗೆ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜ ಡಬ್ಬ ತೆರೆದು, "ಅಕ್ಕ, ಬನ್ನಿ ಇಲ್ಲಿ," ಅಂದ. ಗಾಜಿನ ತುಂಬಾ ಬಿಳೀ ಮಂಜು. ಒಳಗೆ ಹುಡುಗ ಇಲ್ಲ. ಅಲ್ಲೇ ಬಾಗಿಲಲ್ಲಿ ರಂಗಸ್ವಾಮಣ್ಣ ನಿಂತಿದ್ದರು, ಅವರ ಹಿಂದೆ ಮೆಟ್ಟಿಲಲ್ಲಿ ಶಾರದಾ ಮಿಸ್.

"ದಿಢೀರ್ ಗಮ್ ಹಾಕ್ಬಿಟ್ಟೆ," ಅಂದರು ರಂಗಸ್ವಾಮಣ್ಣ. "ನಾನೇ ಹಾಕ್ಬಿಟ್ಟೆ."

ಇಷ್ಟು ದಿನ ಆ ಪಾಠವನ್ನು ಅವರ ಬಾಯಿಂದ ಕಸಿದು ಮುಗಿಸುತ್ತಿದ್ದ ಮಂಜ ಅವತ್ತು ಸ್ಟೂಲು ಎಳೆದು ಅವರನ್ನು ಕೂರಿಸಿದ. ಮಿಸ್ ಹತ್ತಿರ ಬಂದು ಬಗ್ಗಿ ನೋಡಿದರು.

"ಒಳಗೇ ಇದಾನಾ?"

"ಇದಾನೆ ಮಿಸ್."

"ಕಾಣಿಸ್ತಿಲ್ಲ."

ಕೋಪದ ದನಿಯಲ್ಲ ಅದು. ಅದಕ್ಕೇ ಕೇಳಲು ಕಷ್ಟವಾಯಿತು. ಬೇರೆ ಗಾಜು ಕಿಟ್ಟಿನಲ್ಲಿ ಇರಲಿಲ್ಲ. ಕಿತ್ತರೆ ಒಡೆಯಬಹುದು, ಕೀಳದಿದ್ದರೆ ಅವನು ಇದ್ದೂ ಇಲ್ಲ. "ತೆಗೀರಿ," ಅಂದರು ಮಿಸ್. ರಂಗಸ್ವಾಮಣ್ಣ ಬ್ಲೇಡಿನ ಮೂಲೆಯನ್ನು ಸಂದಿಗೆ ಇಟ್ಟು ಮೆಲ್ಲಗೆ ಒತ್ತಿದರು. ಟಿಕ್ ಅಂತು. ಗಾಜು ಇಡಿಯಾಗಿ ಬಂತು.

ಅವರು ಒಳಗೆ ನೋಡಿ ಬ್ಲೇಡು ಕೆಳಗಿಟ್ಟರು.

"ಏನಾಯ್ತು ಸಾರ್?" ಅಂದ ಮಂಜ.

"ಪಿನ್ನು ತೆಗೆದೇ ಇಲ್ಲ ಕಣೋ."

ಸೀಟಿನಲ್ಲಿ ಆ ಎರಡು ಕೆಂಪು ಪಟ್ಟಿಗಳು ಹಾಗೇ ಇದ್ದವು. ಜೀವಮಾನದಲ್ಲಿ ಒಂದು ದಿನವೂ ಮರೆಯದ ಕೆಲಸ. "ಪಿನ್ನು ಹಂಗೇ ಬಿಟ್ಟು ಮುಚ್ಚಿಬಿಟ್ಟಿದ್ದೆ. ಈ ಮಂಜು ಕೂತಿಲ್ಲ ಅಂದಿದ್ರೆ ಹಂಗೇ ಹಾರಿಬಿಡ್ತಿದ್ದ," ಅಂದರು. ಪ್ಲಾಸ್ಟಿಕ್ಕಿನ ಗೊಂಬೆ ಅನ್ನುವುದು ಆ ಕೋಣೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಆಗ ನನಗೆ ಕಾರಿನ ಸ್ಟಿಕ್ಕರ್ ಗೋಂದನ್ನು ಕೊಬ್ಬರಿ ಎಣ್ಣೆ ಹಾಕಿ ತೆಗೆಯುವುದು ನೆನಪಾಯಿತು. ಕಾರಿನ ಗಾಜಿಗೆ ಆಗುವುದು ಈ ಗಾಜಿಗೆ ಯಾಕೆ ಆಗಬಾರದು? ಕೆಳಗೆ ಓಡಿ, ಹಿಂದಿನ ದಿನ ಶೆಲ್ಫಿನಲ್ಲಿ ಇಟ್ಟ ಗುಬ್ಬಿ ಎಣ್ಣೆ ತಂದೆ. ಹತ್ತಿ ಸುತ್ತಿದ ಕಡ್ಡಿಗೆ ಅರ್ಧ ಹನಿ ಮುಟ್ಟಿಸಿ ಗಾಜಿನ ಒಳಗೆ ಮೆಲ್ಲಗೆ ಸವರಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಕಡೆ ಕಿಟಕಿ ತೆರೆದ ಹಾಗೆ ಬೆಳಕು ಬಂತು, ಇನ್ನೊಂದು ಕಡೆ ಬಂತು. ಮಂಜ ಅದನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ. ಹುಡುಗನ ಮುಖದ ಮೇಲೂ ತೆಳ್ಳಗೆ ಬಿಳುಪು ಕೂತಿತ್ತು. ಮಿಸ್ ಅದೇ ಒಂದು ಕೂದಲಿನ ಬ್ರಷ್ಷನ್ನು ಎಣ್ಣೆಗೆ ತಾಗಿಸಿ ಅವನ ಕಣ್ಣು ಒರೆಸಿದರು. ಎಣ್ಣೆಸ್ನಾನ ಮಾಡಿಸುವವರ ಹಾಗೆ.

"ಹುಟ್ಟಿದಬ್ಬಕ್ಕೆ ಅಮ್ಮ ಹಿಂಗೇ ಹಚ್ಚೋಳು," ಅಂದರು. "ಕಣ್ಣಿಗೆ ಬಿತ್ತು ಅಂತ ಊರೆಲ್ಲ ಕೇಳೋ ಹಂಗೆ ಕಿರುಚೋನು."

ರಂಗಸ್ವಾಮಣ್ಣ ಚಿಮಟಿಗೆಯಲ್ಲಿ ಒಂದು ಪಿನ್ನು ಕಿತ್ತರು, ಇನ್ನೊಂದು ಕಿತ್ತರು. ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು, ಎದ್ದು ನಿಂತು, ಮಿಸ್ ಮುಂದೆ ಚಾಚಿದರು. ಮಿಸ್ ನೋಡಿದರು. ಅವನ ಪರವಾಗಿ ತಲೆ ಆಡಿಸಿದರು.

ಸಂದಿಯುದ್ದಕ್ಕೂ ಬಿಳೀ ಗೋಂದು ಸವರಿ ಗಾಜು ಇಟ್ಟರು. ಒತ್ತಿ ಹಿಡಿಯಲು ಇಬ್ಬರ ಬೆರಳೂ ಬೇಕಾಯಿತು, ಒಂದು ಕಡೆ ರಂಗಸ್ವಾಮಣ್ಣನದು, ಒಂದು ಕಡೆ ಮಿಸ್ಸಿನದು. ಮಳೆ ನಿಂತಿತ್ತು. ಮಿಸ್ ಹಿಡಿಯಬೇಕಿದ್ದ ಬಸ್ಸಿನ ಹೊತ್ತು ಮೀರಿತು. ಕೆಳಗೆ ಗಿರಾಕಿ ಕೂಗಿದರೆ, "ಅಂಗಡಿ ಇಲ್ಲ, ನಾಳೆ ಬನ್ನಿ," ಅಂತ ಮಹಡಿಯಿಂದಲೇ ಹೇಳಿದೆ. ಬಾಗಿಲಿಗೆ ಬಂದ ವ್ಯಾಪಾರವನ್ನು ಕಳಿಸಬೇಡಿ ಅಂತ ಎಲ್ಲರಿಗೂ ಹೇಳುವವಳು ನಾನೇ. ಒಂದೊಂದು ದಿನ ಕಳಿಸಬೇಕಾಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಕಾರಿನವರು ಕಾಫಿ ಕುಡಿದು ಬರುವಷ್ಟರಲ್ಲಿ ಇಷ್ಟೆಲ್ಲ ತಲೆಯಲ್ಲಿ ಹಾದುಹೋಯಿತು. ಅವರನ್ನು ಕಳಿಸಿ ರಂಗಸ್ವಾಮಣ್ಣನಿಗೆ ಫೋನ್ ಮಾಡಿದೆ, ಭಾನುವಾರ ಇಬ್ಬರೂ ಕುಣಿಗಲ್ ಬಸ್ಸು ಹತ್ತಿದೆವು. ಮಂಜನಿಗೆ ಶಿಫ್ಟ್ ಇತ್ತು.

ಅಮೃತೂರಿನ ಮಿಸ್ ಮನೆಯ ನಡುಮನೆಯಲ್ಲಿ ಬೇಸಿಗೆಯ ಧಗೆ. ವಿಮಾನ ತೊಲೆಯಿಂದ ಗಾಳದ ದಾರದಲ್ಲಿ ತೂಗುತ್ತಿದೆ, ಮೂಗು ಸ್ವಲ್ಪ ಮೇಲಕ್ಕೆ. ಅದನ್ನು ತೂಗುಹಾಕಿದ ದಿನದಿಂದ ಅಲ್ಲಿ ಫ್ಯಾನ್ ಹಾಕಿಲ್ಲ. ಮಿಸ್ ಬೀಸಣಿಗೆ ಕೊಟ್ಟರು. "ಸೆಖೆ ಅಲ್ವಾ, ಆಚೆ ಕೂರೋಣ?" ಅಂದರು.

"ಇಲ್ಲೇ ಇರ್ಲಿ ಬುಡಿ," ಅಂದೆ.

ರಂಗಸ್ವಾಮಣ್ಣ ಬಹಳ ಹೊತ್ತು ತಲೆಯೆತ್ತಿ ನೋಡುತ್ತಾ ನಿಂತಿದ್ದರು. ಗಾಜು ನೀರಿನಷ್ಟು ತಿಳಿಯಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದರು:

"ಪಿನ್ನು?"

ಮಿಸ್ ದೇವರ ಮನೆಗೆ ಹೋಗಿ ಒಂದು ಬೆಳ್ಳಿ ಭರಣಿ ತಂದರು. ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು. ಕುಂಕುಮದ ಮೇಲೆ ಎರಡು ಕೆಂಪು ಪಟ್ಟಿಗಳು, ದಿಟ್ಟಿಸಿ ನೋಡಿದರೆ ಮಾತ್ರ ಕಾಣುವಂತಿದ್ದವು.

ರಂಗಸ್ವಾಮಣ್ಣ ನೋಡಿದರು. ತಲೆ ಆಡಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕುಡಿಯಲು ಒಂದು ಲೋಟ ನೀರು ಕೇಳಿದರು.